ಲೊವೆಲ್ ಬಿಚ್ಚಿ ಕೊಟ್ಟ ಹೆಸರುಗಳು

ನಮ್ಮ ಊರಿನ ತಂಡಕ್ಕೆ ಕ್ರೇನ್ಸ್ ಎಂದು ಹೆಸರಿಟ್ಟವರು ಯಾರೋ ನನಗೆ ಗೊತ್ತಿಲ್ಲ, ಸಿಕ್ಕಿದ್ದರೆ ನಾಲ್ಕು ಮಾತು ಕೇಳುತ್ತಿದ್ದೆ. ಕ್ರೇನ್ ಅಂದರೆ ಕೊಕ್ಕರೆ. ಮಾರ್ಚಿನಲ್ಲಿ ಊರ ಪಕ್ಕದ ಪ್ಲಾಟ್ ಹೊಳೆಯ ಮರಳಿನ ಮೇಲೆ ಲಕ್ಷಗಟ್ಟಲೆ ಬಂದಿಳಿಯುತ್ತವೆ, ಏಪ್ರಿಲ್ ಮುಗಿಯುವ ಹೊತ್ತಿಗೆ ಹುಡುಕಿದರೂ ಒಂದು ಸಿಗುವುದಿಲ್ಲ. ಬಿಟ್ಟು ಹೋಗುವುದೇ ಗುಣವಾದ ಹಕ್ಕಿಯ ಹೆಸರನ್ನು ಯಾರಾದರೂ ತಂಡಕ್ಕೆ ಇಡುತ್ತಾರೆಯೇ? ನಾನು ಹೇಳುತ್ತಿರುವ ವರ್ಷ ಕೊಕ್ಕರೆಗಳು ಹೊಳೆ ಬಿಡುವ ಮೊದಲೇ ನಾವು ಐದು ಪಂದ್ಯ ಸೋತಿದ್ದೆವು.

ನಮ್ಮದು ಸೂರಿನ ಕೆಳಗಿನ ಫುಟ್‌ಬಾಲ್, ಹೆಲ್ಮೆಟ್ಟು ಹಾಕಿಕೊಂಡು ಚೆಂಡನ್ನು ಕೈಯಲ್ಲಿ ಹಿಡಿದು ಓಡುವಂಥದು. ಚಳಿಗಾಲದಲ್ಲಿ ಐಸ್ ಹಾಕಿ ಆಡುವ ಕಟ್ಟಡದಲ್ಲೇ ಹಸಿರು ಹಾಸು ಹಾಸಿ, ಸುತ್ತಲ ಗೋಡೆಗೆ ದಪ್ಪ ಮೆತ್ತೆ ಕಟ್ಟಿ, ಒಂದೊಂದು ಕಡೆ ಎಂಟೆಂಟು ಜನ ಆಡುವುದು. ಗೋಡೆ ದಾಟಿ ಜನರ ನಡುವೆ ಬಿದ್ದ ಚೆಂಡು ಸಿಕ್ಕವರ ಪಾಲು, ಅದು ಪದ್ಧತಿ. ಆ ವರ್ಷ ಹಿಡಿಯುವುದಕ್ಕೆ ಜನರೇ ಇರಲಿಲ್ಲ. ಚೆಂಡು ಖಾಲಿ ಕುರ್ಚಿಗಳ ನಡುವೆ ಕುಪ್ಪಳಿಸಿ ಎಲ್ಲೋ ಹೋಗಿ ನಿಲ್ಲುತ್ತಿತ್ತು. ಲೊವೆಲ್ ಹ್ರುಸ್ಕಾ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಅದನ್ನು ಹೆಕ್ಕಿ ತರುತ್ತಿದ್ದ.

ನಾನು ವರ್ಲಾ. ಅಲ್ಲಿ ಪಾಪ್‌ಕಾರ್ನ್ ಕಟ್ಟೆಯಲ್ಲಿ ಹತ್ತೊಂಬತ್ತು ವರ್ಷ ನಿಂತವಳು. ಲೊವೆಲ್ ಶಾಲೆಯಲ್ಲಿ ನನಗಿಂತ ಎರಡು ತರಗತಿ ಮುಂದಿದ್ದ, ಈಗ ಎದುರು ಮನೆಯವನು. ಮೊದಲು ಅವನಿಗೆ ಟ್ರಾಕ್ಟರ್ ಸೀಟು, ಕುದುರೆ ಜೀನು ಹೊಲಿಯುವ ಅಂಗಡಿ ಇತ್ತು. ಅದನ್ನು ಮುಚ್ಚಿದ ಮೇಲೆ ಗಂಡ ಹೆಂಡತಿ ಇಬ್ಬರೂ ತಂಡದ ಬಟ್ಟೆಬರೆ, ಹೆಲ್ಮೆಟ್ಟು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಲೊವೆಲ್ ಒಗೆಯುತ್ತಿದ್ದ, ಆರ್ಲಿಸ್ ಹೊಲಿಯುತ್ತಿದ್ದಳು. ಮಕ್ಕಳಿರಲಿಲ್ಲ. ಎರಡು ವರ್ಷದ ಹಿಂದೆ ಆರ್ಲಿಸ್ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ನಿನ ಮುಂದೆಯೂ ಅವನೇ ಕೂತ. ಕಣ್ಣಿಗೆ ಪೊರೆ ಬಂದು ಗಾಡಿ ಓಡಿಸುವುದನ್ನು ಬಿಟ್ಟಿದ್ದ, ಆದ್ದರಿಂದ ಕೆಲಸ ಮುಗಿದ ಮೇಲೆ ಅವನನ್ನು ಮನೆಗೆ ಬಿಡುತ್ತಿದ್ದವಳು ನಾನು. ಆರು ಬೀದಿಯ ದಾರಿ. ಆ ಆರು ಬೀದಿಯಲ್ಲಿ ಅವನು ಆಡುತ್ತಿದ್ದ ಮಾತು ಎರಡೇ: ಹತ್ತುವಾಗ "ಸೆಕೆ" ಅಥವಾ "ಚಳಿ", ಇಳಿಯುವಾಗ "ಬರ್ತೀನಿ".

ಆರ್ಲಿಸ್ ಒಂದು ಪದ್ಧತಿ ಮಾಡಿಟ್ಟು ಹೋಗಿದ್ದಳು. ಬಡ ತಂಡ, ಅಂಗಿಗಳು ಒಂದೇ ಜೊತೆ. ಆಟಗಾರ ಹೋದರೂ ಅಂಗಿ ಇರುತ್ತದೆ, ಬೆನ್ನಿನ ಮೇಲಿನ ಹೆಸರಿನ ಪಟ್ಟಿ ಮಾತ್ರ ಬದಲಾಗಬೇಕು. ಬೇರೆ ತಂಡದವರು ಹಳೆಯ ಪಟ್ಟಿಯನ್ನು ಕಿತ್ತು ಕಸಕ್ಕೆ ಎಸೆಯುತ್ತಾರೆ. ಆರ್ಲಿಸ್ ಹಾಗೆ ಮಾಡಗೊಡಲಿಲ್ಲ. ಕೆಲಸ ಕಳೆದುಕೊಂಡವನು ಹೆಲ್ಮೆಟ್ಟು, ಅಂಗಿ ಹಿಂದಿರುಗಿಸಲು ಬಂದರೆ ಮೂರು ಕಾಲಿನ ಸ್ಟೂಲಿನ ಮೇಲೆ ಕೂರಿಸಿ, ಅವನ ಕಣ್ಣೆದುರೇ ಒಂದೊಂದೇ ಹೊಲಿಗೆ ಬಿಚ್ಚಿ, ಪಟ್ಟಿಯನ್ನು ಅವನ ಕೈಗೇ ಕೊಡುತ್ತಿದ್ದಳು. ಆಮೇಲೆ ಲೊವೆಲ್ ಸಾಮಾನು ಬಂತೆಂಬ ಚೀಟಿಗೆ ಸಹಿ ಹಾಕಿ, ಕೈ ಕುಲುಕಿ, "ಚೆನ್ನಾಗಿ ಆಡಿದೆ. ಹುಷಾರಾಗಿ ಹೋಗು" ಅನ್ನುತ್ತಿದ್ದ. ಎಲ್ಲರಿಗೂ ಅದೇ ಮಾತು, ಚೆನ್ನಾಗಿ ಆಡಿದವನಿಗೂ, ಚೆಂಡು ಕಂಡರೆ ಕಣ್ಣು ಮುಚ್ಚುತ್ತಿದ್ದವನಿಗೂ.

ಆರ್ಲಿಸ್‌ಳ ಇನ್ನೊಂದು ಕಟ್ಟಳೆ ಬಾಯಿಯದು. ಯಾರನ್ನು ತೆಗೆಯುತ್ತಾರೆ ಎಂಬುದು ಮೊದಲು ಗೊತ್ತಾಗುವುದು ಬಟ್ಟೆ ನೋಡಿಕೊಳ್ಳುವವರಿಗೆ, ಯಾಕೆಂದರೆ ಹೊಸಬನ ಹೆಸರು ಹೊಲಿದು ಸಿದ್ಧವಾಗಿರಬೇಕಲ್ಲ. "ಕೋಚ್ ಹೇಳೋಕೆ ಮುಂಚೆ ನಮ್ ಬಾಯಿಂದ ಬರಕೂಡದು. ಗಂಡಸಿಗೆ ಅವನ ಕೆಟ್ಟ ಸುದ್ದಿ ಒಗೆಯೋರಿಂದ ಗೊತ್ತಾಗ್ಬಾರ್ದು" ಅನ್ನುತ್ತಿದ್ದಳು. ಅವಳು ಸತ್ತ ಮೇಲೆ ಲೊವೆಲ್ ಆ ಮಾತನ್ನು ಬೈಬಲ್ಲಿನ ವಾಕ್ಯಕ್ಕಿಂತ ಬಿಗಿಯಾಗಿ ಹಿಡಿದುಕೊಂಡ.

ಸೋಲುವ ತಂಡದಲ್ಲಿ ಆಟಗಾರರು ಬಸ್ ನಿಲ್ದಾಣದ ಜನರ ಹಾಗೆ ಬಂದು ಹೋಗುತ್ತಾರೆ. ಜೂನ್ ಹೊತ್ತಿಗೆ ಲೊವೆಲ್ ನಲವತ್ತಕ್ಕೂ ಹೆಚ್ಚು ಹೆಸರು ಹೊಲಿದು, ನಲವತ್ತರ ಹತ್ತಿರ ಬಿಚ್ಚಿದ್ದ. ಎಷ್ಟೋ ಜನ ಸ್ಟೂಲಿನ ಮೇಲೆ ಕೂರುವಷ್ಟು ಹೊತ್ತೂ ನಿಲ್ಲುತ್ತಿರಲಿಲ್ಲ, ಸಾಮಾನನ್ನು ಬಾಗಿಲಲ್ಲಿ ಬಿಸಾಡಿ ಹೋಗುತ್ತಿದ್ದರು. ಅವರ ಹೆಸರುಗಳನ್ನು ಅವನು ಒಂದು ಕಾಫಿ ಡಬ್ಬದಲ್ಲಿ ಹಾಕಿಡುತ್ತಿದ್ದ. "ಯಾವತ್ತಾದ್ರೂ ಬಂದು ಕೇಳಬಹುದು" ಅನ್ನುತ್ತಿದ್ದ. "ಯಾರು ಬರ್ತಾರೋ ಮಾರಾಯ, ಹನ್ನೊಂದಕ್ಕೆ ಹನ್ನೊಂದೂ ಸೋತ ತಂಡದ ಹೆಸರು ಹುಡುಕ್ಕೊಂಡು?" ಎಂದು ನಾನು ಕೆಣಕಿದರೆ ಡಬ್ಬದ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿ ಮಾಡುತ್ತಿದ್ದ.

ಬದಲಾಗದೆ ಉಳಿದಿದ್ದ ಹೆಸರು ಒಂದೇ, ಥಿಗ್‌ಪೆನ್. ಮಿಸಿಸಿಪ್ಪಿಯ ಕಡೆಯವನು, ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಭಾರೀ ಆಳು. ಮೂವತ್ತೊಂದು ವಯಸ್ಸು, ನಮ್ಮಲ್ಲಿ ನಾಲ್ಕನೆಯ ವರ್ಷ. ಬಾಗಿಲಲ್ಲಿ ಬರುವಾಗ ಒಂದು ಭುಜ ಮುಂದೆ ಮಾಡಿ ಓರೆಯಾಗಿ ಬರಬೇಕಿತ್ತು, ಮಾತು ಮಾತ್ರ ಮಗ್ಗುಲಲ್ಲಿ ಮಗು ಮಲಗಿದೆ ಅನ್ನುವಷ್ಟು ಮೆಲ್ಲಗೆ. ಲೊವೆಲ್‌ನನ್ನು "ತಾತ" ಅನ್ನುತ್ತಿದ್ದ, ನನ್ನನ್ನು "ವರ್ಲಕ್ಕ".

ಆರ್ಲಿಸ್ ಹೋದ ವರ್ಷದಿಂದ ಪ್ರತಿ ಗುರುವಾರ ಥಿಗ್‌ಪೆನ್‌ಗೆ ಲೊವೆಲ್ ಮನೆಯಲ್ಲಿ ಊಟ. ಊಟ ಅಂದರೆ ಚಿಲ್ಲಿ ಎಂಬ ಮಾಂಸ ಕಾಳಿನ ಖಾರದ ಗೊಜ್ಜು, ಅದರ ಜೊತೆಗೆ ದಾಲ್ಚಿನ್ನಿ ಸುರುಳಿ ಬನ್ನು, ನಮ್ಮ ಶಾಲೆಗಳಲ್ಲಿ ಹಾಕುತ್ತಿದ್ದ ಹಾಗೆ. ಜೂನ್ ಸೆಕೆಯಲ್ಲೂ ಅದೇ ಚಿಲ್ಲಿ, ಅವನಿಗೆ ಬರುತ್ತಿದ್ದ ಅಡುಗೆ ಅದೊಂದೇ. ಗುರುವಾರ ಬೆಳಿಗ್ಗೆಯಿಂದಲೇ ಲೊವೆಲ್‌ನ ನಡಿಗೆ ಬೇರೆಯಾಗುತ್ತಿತ್ತು. ಸಂಜೆ ನನ್ನ ಅಡುಗೆಮನೆಯ ಕಿಟಕಿಯಿಂದ ಅವರ ಮೇಜು ಕಾಣುತ್ತಿತ್ತು: ಒಂದು ದೊಡ್ಡ ಬೆನ್ನು, ಒಂದು ಸಣ್ಣ ಬೆನ್ನು, ಮಧ್ಯೆ ಆವಿ. ವಾರದ ಉಳಿದ ಆರು ದಿನ ಆ ಮೇಜಿನ ಮೇಲೆ ಪತ್ರಿಕೆ, ಮಾತ್ರೆ ಡಬ್ಬಿ. ನನ್ನ ಮೇಜಿನ ಮೇಲೆ ಏಳು ದಿನವೂ ಅದೇ. ಆರ್ಲಿಸ್ ಬದುಕಿದ್ದಾಗ ನನ್ನನ್ನು ಊಟಕ್ಕೆ ಕರೆಯುತ್ತಿದ್ದಳು. ಲೊವೆಲ್‌ಗೆ ಕರೆಯಬೇಕೆಂದು ಹೊಳೆಯಲೇ ಇಲ್ಲ.

ಕೊನೆಯ ಪಂದ್ಯದ ವಾರ, ಬುಧವಾರ ಬೆಳಿಗ್ಗೆ ಕೋಚ್ ರಿಟ್ಟರ್ ಕಿವಿಗೆ ಫೋನ್ ಹಿಡಿದುಕೊಂಡೇ ಬಂದು ಲೊವೆಲ್‌ನ ಮೇಜಿನ ಮೇಲೆ ಒಂದು ಕಾಗದ ಇಟ್ಟ.

"ಥಿಗ್‌ಪೆನ್‌ದು. ಶುಕ್ರವಾರ ಮಧ್ಯಾಹ್ನ ಹನ್ನೆರಡರ ಒಳಗೆ ಸಹಿ ಹಾಕಿ ಲೀಗ್ ಆಫೀಸಿಗೆ ಫ್ಯಾಕ್ಸ್ ಮಾಡ್ಬಿಡು. ನಾನು ಒಮಾಹಾಗೆ ಹೋಗ್ತಿದೀನಿ."

ಕಚೇರಿಯ ಗುಮಾಸ್ತೆ ಮೇ ತಿಂಗಳಲ್ಲೇ ಕೆಲಸ ಬಿಟ್ಟಿದ್ದಳು, ಅದಕ್ಕೇ ಫ್ಯಾಕ್ಸ್ ಕೂಡ ಲೊವೆಲ್‌ನ ಪಾಲಿಗೆ ಬಂದಿತ್ತು. ಕಾಗದ ಆಟಗಾರನನ್ನು ತಂಡದಿಂದ ಬಿಡುಗಡೆ ಮಾಡುವಂಥದು. ಸಾಮಾನು ಹಿಂದೆ ಬಂದಿದೆ ಅಥವಾ ಬರುತ್ತದೆ ಎಂದು ಬಟ್ಟೆಯವನ ಸಹಿ ಬಿದ್ದರೆ ಮಾತ್ರ ಅದಕ್ಕೆ ಬೆಲೆ. ಶುಕ್ರವಾರ ಹನ್ನೆರಡು ಹೊಡೆದ ಮೇಲೆ ಯಾವ ತಂಡವೂ ಆ ವರ್ಷಕ್ಕೆ ಒಬ್ಬನನ್ನು ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ಇಷ್ಟು ಲೊವೆಲ್‌ಗೆ ಗೊತ್ತಿತ್ತು. ಯಾಕೆ ಬಿಡುಗಡೆ ಎಂದು ಅವನು ಕೇಳಲಿಲ್ಲ, ರಿಟ್ಟರ್ ಹೇಳಲಿಲ್ಲ. ನಾಲ್ಕು ವರ್ಷ ಮೈ ಸವೆಸಿದವನನ್ನು ಇನ್ನೊಂದೇ ಪಂದ್ಯ ಇರುವಾಗ ಹೊರಗೆ ಹಾಕುತ್ತಿದ್ದಾರೆ ಎಂದುಕೊಂಡ. ಕಾಗದವನ್ನು ದಾರದ ಉಂಡೆಗಳ ಕೆಳಗೆ ಡ್ರಾಯರಿನಲ್ಲಿ ಇಟ್ಟ. ಹನ್ನೆರಡು ದಾಟಿಬಿಟ್ಟರೆ ಹುಡುಗ ಉಳಿಯುತ್ತಾನೆ, ಇಷ್ಟೇ ಅವನ ಲೆಕ್ಕ.

ಗುರುವಾರ ಮಧ್ಯಾಹ್ನ ನಾನು ಪಾಪ್‌ಕಾರ್ನ್ ಪಾತ್ರೆ ಉಜ್ಜುತ್ತಿದ್ದಾಗ ಥಿಗ್‌ಪೆನ್ ಬಂದು ಕಟ್ಟೆಗೆ ಒರಗಿದ.

"ವರ್ಲಕ್ಕ, ಕನ್ಸಾಸ್‌ನೋರು ಕರೆದಿದಾರೆ."

"ಯಾರು, ಒಂದೂ ಸೋಲದೆ ಮೇಲೆ ಕೂತಿದಾರಲ್ಲ, ಅವ್ರಾ?"

"ಹೂಂ. ಅವರ ಹುಡುಗನ ಪಾದ ಮುರೀತಂತೆ. ಪ್ಲೇಆಫ್‌ಗೆ ನಾನು ಬೇಕಂತೆ. ಕೋಚ್‌ನ ಕೇಳ್ದೆ, ಆಯ್ತು ಅಂದ್ರು. ಒಂಬತ್ತು ವರ್ಷದಿಂದ ಆಡ್ತಿದೀನಿ, ಗೆಲ್ಲೋ ತಂಡದಲ್ಲಿ ಒಂದಿನ ನಿಂತಿಲ್ಲ. ಈ ಮೊಣಕಾಲಿಗೆ ಮುಂದಿನ ವರ್ಷ ಇಲ್ಲ."

"ಮತ್ತೆ ಮುಖ ಯಾಕೋ ಹೀಗೆ, ಹೆಣ ಹೊತ್ತೋನ ಥರ?"

"ತಾತಂಗೆ ಹೇಗ್ ಹೇಳ್ಲಿ ಅಂತ."

"ಬಾಯಲ್ಲಿ ಹೇಳು."

"ಇವತ್ತು ಊಟಕ್ಕೆ ಹೋಗ್ತೀನಲ್ಲ, ನಾನೇ ಹೇಳ್ತೀನಿ. ನೀವು ಬಾಯಿ ಬಿಡ್ಬೇಡಿ ವರ್ಲಕ್ಕ, ಆಯ್ತಾ?"

ಆಯಿತು ಎಂದೆ.

ಆ ಊಟದ ಕಥೆಯನ್ನು ಆಮೇಲೆ ಅವರಿಬ್ಬರ ಬಾಯಿಂದ ಬಿದ್ದ ಚೂರುಗಳನ್ನು ಜೋಡಿಸಿ ಹೇಳುತ್ತಿದ್ದೇನೆ. ಯಾವಾಗಲೂ ಮೂರು ಬನ್ನು ತಿನ್ನುವವನು ಒಂದೇ ತಿಂದ. "ಹೊಟ್ಟೆ ಸರಿ ಇಲ್ವೇನೋ?" ಎಂದು ಲೊವೆಲ್ ಕೇಳಿದ. "ಸೆಕೆ ತಾತ" ಎಂದ ಇವನು. ಆಮೇಲೆ ಆಲಿಕಲ್ಲು ಮಳೆ, ಜೋಳದ ಪೈರು, ಯಾರದೋ ಟ್ರಾಕ್ಟರು. ಇಬ್ಬರೂ ಒಂದೇ ಜಾತಿ, ಮಳೆ ಬೆಳೆ ಬಿಟ್ಟು ಬೇರೆ ಮಾತು ಬಂದರೆ ಹಲ್ಲು ನೋವು ಬಂದವರ ಹಾಗೆ ಮುಖ ತಿರುಗಿಸುವವರು. ಕಾಗದ ತಾತನ ಕೈಗೇ ಹೋಗಿದೆ, ತಾತನಿಗೆ ಎಲ್ಲ ಗೊತ್ತು, ಬೇಸರಕ್ಕೆ ಬಾಯಿ ಬಿಡುತ್ತಿಲ್ಲ ಎಂದು ಥಿಗ್‌ಪೆನ್ ತಿಳಿದ. ಕೋಚ್ ಹೇಳುವ ಮೊದಲು ತಾನು ಹೇಳಕೂಡದು ಎಂದು ಲೊವೆಲ್ ಕೂತ. ಊಟವಾದ ಮೇಲೆ ಥಿಗ್‌ಪೆನ್ ಬೇಡವೆಂದರೂ ಪಾತ್ರೆ ತೊಳೆದ, ಒಲೆಯನ್ನೂ ಒರೆಸಿದ. ಬಾಗಿಲಲ್ಲಿ ನಿಂತು "ಎಲ್ಲದಕ್ಕೂ ಥ್ಯಾಂಕ್ಸ್ ತಾತ" ಎಂದ. ಲೊವೆಲ್ ಅವನ ತೋಳು ತಟ್ಟಿ "ನೀನು ಏನೂ ಚಿಂತೆ ಮಾಡ್ಬೇಡ, ಎಲ್ಲ ಸರಿ ಹೋಗುತ್ತೆ" ಎಂದ. ಅದನ್ನೇ ಆಶೀರ್ವಾದ ಎಂದುಕೊಂಡು ಹುಡುಗ ಹೋದ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಲೊವೆಲ್‌ಗೆ ಕಾಫಿ ಕೊಂಡುಹೋದೆ. ಮುಖ ಗೆಲುವಾಗಿತ್ತು. ಹುಡುಗ ಹೇಳಿರಬೇಕು, ಇವನು ಗಟ್ಟಿ ಮನಸ್ಸು ಮಾಡಿರಬೇಕು ಎಂದುಕೊಂಡೆ. ಒಂದು ಮಾತು ಕೇಳಬಹುದಿತ್ತು. ಕಾಫಿ ಇಟ್ಟು ಬಂದೆ.

ಹನ್ನೆರಡೂವರೆಗೆ ಒಗೆಯಲು ಏಪ್ರನ್‌ಗಳನ್ನು ಹೊತ್ತುಕೊಂಡು ಮತ್ತೆ ಅವನ ಕೋಣೆಗೆ ಹೋದೆ. ನನ್ನ ಹಿಂದೆಯೇ ಥಿಗ್‌ಪೆನ್ ಬಂದ, ಕೈಯಲ್ಲಿ ಫೋನ್.

"ತಾತ, ನನ್ ಕಾಗ್ದ ಕಳಿಸಿದ್ರಾ?"

ಲೊವೆಲ್ ನಕ್ಕ. ಆರ್ಲಿಸ್ ಹೋದ ಮೇಲೆ ಅವನ ಹಲ್ಲು ನಾನು ನೋಡಿದ್ದು ಅವತ್ತೇ. ಡ್ರಾಯರ್ ಎಳೆದು, ದಾರದ ಉಂಡೆಗಳನ್ನು ಸರಿಸಿ, ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡುವವನ ಹಾಗೆ ಆ ಕಾಗದವನ್ನು ಎತ್ತಿ ಹಿಡಿದ.

"ಕಳಿಸ್ಲಿಲ್ಲ ಕಣೋ! ಹನ್ನೆರಡು ಹೊಡೆದಾಯ್ತು, ಇನ್ನು ಯಾರಪ್ಪ ಬಂದ್ರೂ ನಿನ್ನ ತೆಗೆಯೋಕಾಗಲ್ಲ. ರಿಟ್ಟರ್ ಬೈದ್ರೆ ನನ್ನ ಬೈಲಿ."

ಬಟ್ಟೆ ಒಗೆಯುವ ಮಿಷನ್ ತಿರುಗುತ್ತಿತ್ತು. ಥಿಗ್‌ಪೆನ್ ಕಾಗದ ನೋಡಿದ, ಲೊವೆಲ್‌ನನ್ನು ನೋಡಿದ.

"ಅದನ್ನ ನಾನೇ ಕೇಳಿದ್ದು, ತಾತ."

"ಏನು?"

"ಬಿಡಿ ಅಂತ ನಾನೇ ಕೇಳಿದ್ದು. ಕನ್ಸಾಸ್‌ನೋರು ಪ್ಲೇಆಫ್‌ಗೆ ಕರೆದಿದ್ರು. ಹನ್ನೆರಡಕ್ಕೆ ಐದು ನಿಮಿಷ ಇರೋವರೆಗೂ ಕಾದ್ರಂತೆ. ಕಾಗ್ದ ಬರ್ಲಿಲ್ಲ, ಬೇರೆಯವನನ್ನ ತಗೊಂಡ್ರು."

ಲೊವೆಲ್‌ನ ಮುಖದಲ್ಲಿ ಆ ನಗು ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು, ಇಳಿಸುವುದು ಹೇಗೆಂದು ತಿಳಿಯದವನ ಹಾಗೆ. ಆಮೇಲೆ ಪೆನ್ನು ಹುಡುಕಿ ಸಹಿ ಹಾಕಿದ, ಕಚೇರಿಗೆ ಓಡಿದ. ಓಡಿದ ಅಂದರೆ ಅರವತ್ತೇಳರ ಮಂಡಿಗಳು ಓಡಿದಷ್ಟು. ಫ್ಯಾಕ್ಸಿಗೆ ಹಾಕಿದ. ಹತ್ತು ನಿಮಿಷದಲ್ಲಿ ಅದೇ ಕಾಗದ ಆ ಕಡೆಯಿಂದ ವಾಪಸು ಬಂತು, ಅಡ್ಡಲಾಗಿ "ಸಮಯ ಮೀರಿದೆ" ಎಂಬ ಮೊಹರು. ಲೊವೆಲ್ ಅದನ್ನು ಮತ್ತೆ ಹಾಕಿದ. ಮತ್ತೆ ಬಂತು.

"ಬಿಡಿ ತಾತ" ಎಂದ ಥಿಗ್‌ಪೆನ್. ಬೈಯಲಿಲ್ಲ. ಬೈದಿದ್ದರೆ, ಬಾಗಿಲಿಗೆ ಒಂದು ಗುದ್ದು ಗುದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಓರೆಯಾಗಿ ಬಾಗಿಲು ದಾಟಿ ಹೋದ.

ಶನಿವಾರದ ಕೊನೆಯ ಪಂದ್ಯವನ್ನೂ ಸೋತೆವು. ಹನ್ನೆರಡಕ್ಕೆ ಹನ್ನೆರಡು. ಥಿಗ್‌ಪೆನ್ ತನ್ನ ಜಾಗ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ, ಅವನ ಎರಡೂ ಪಕ್ಕದವರು ಮಾತ್ರ ಸರಿಯುತ್ತಲೇ ಇದ್ದರು. ಆಟ ಮುಗಿದ ಮೇಲೆ ಲೊವೆಲ್ ಸ್ಟೂಲನ್ನು ಒರೆಸಿ ದೀಪದ ಕೆಳಗೆ ಇಟ್ಟು ಕಾದ. ಕೊನೆಗೆ ಬಾಗಿಲು ತೆರೆದು ನೋಡಿದರೆ ಹೊರಗೆ ಹೆಲ್ಮೆಟ್ಟು, ಭುಜದ ಮೆತ್ತೆ, ಮಡಿಸಿಟ್ಟ ಅಂಗಿ. ಯಾವಾಗ ಇಟ್ಟು ಹೋದನೋ ನನಗೂ ಕಾಣಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ನನ್ನ ಬಾಗಿಲು ತಟ್ಟಿದ ಸದ್ದು. ಲೊವೆಲ್ ಚರ್ಚಿನ ಅಂಗಿ ಹಾಕಿಕೊಂಡು ನಿಂತಿದ್ದ.

"ವರ್ಲಾ, ಗಾಡಿ ತೆಗೀತೀಯಾ? ಅವನ ಬಸ್ಸು ಒಂಬತ್ತಕ್ಕೆ."

ಹೆದ್ದಾರಿಯ ಪೆಟ್ರೋಲ್ ಬಂಕಿನ ಮುಂದೆ ಬಸ್ಸು ನಿಲ್ಲುತ್ತದೆ. ಥಿಗ್‌ಪೆನ್ ಚೀಲದ ಮೇಲೆ ಕೂತಿದ್ದ, ನಮ್ಮನ್ನು ನೋಡಿ ಎದ್ದ. ಲೊವೆಲ್ ಜೇಬಿನಿಂದ ಪಟ್ಟಿ ತೆಗೆದ. ರಾತ್ರಿ ಮನೆಯಲ್ಲಿ ಕೂತು ಬಿಚ್ಚಿದ್ದನಂತೆ, ಒಂದು ಎಳೆ ಕೂಡ ಜಗ್ಗಿರಲಿಲ್ಲ.

"ನಿನ್ ಹೆಸ್ರು ಅಲ್ಲೇ ಬಿಟ್ಟು ಬಂದಿದ್ದೆ ನೀನು."

ಥಿಗ್‌ಪೆನ್ ಅದನ್ನು ತೆಗೆದುಕೊಂಡು ಹೆಬ್ಬೆರಳಿಗೆ ಸುತ್ತಿದ, ಬಿಚ್ಚಿದ.

"ಊಟಕ್ಕೆ ಕೂತಾಗ ಒಂದ್ಮಾತು ಕೇಳ್ಬಾರ್ದಿತ್ತಾ ತಾತ?"

"ಕೇಳ್ಬೇಕಿತ್ತು."

"ನಾನೂ ಹೇಳ್ಬೇಕಿತ್ತು ಬಿಡಿ."

"ಮುಂದೆ ಏನ್ ಮಾಡ್ತೀಯ?"

"ಮಾವನ ಲಾರಿ ಇದೆ, ಓಡಿಸ್ತೀನಿ. ಆಟ ಸಾಕು."

ಬಸ್ಸು ಬಂತು. ಲೊವೆಲ್ ಕೈ ಮುಂದೆ ಮಾಡಿದ. "ಚೆನ್ನಾಗಿ ಆಡಿದೆ. ಹುಷಾರಾಗಿ ಹೋಗು" ಎಂದ. ನೂರಾರು ಜನಕ್ಕೆ ಹೇಳಿದ ಮಾತು, ಆದರೆ ಈ ಸಲ ಅರ್ಧಕ್ಕೆ ನಿಂತು ಎರಡನೆಯ ಸಲ ಶುರು ಮಾಡಬೇಕಾಯಿತು. ಥಿಗ್‌ಪೆನ್ ಕೈ ಕುಲುಕಿದ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವನು, ಒಳ್ಳೆಯ ಹುಡುಗ, ನನಗೆ ನೋವಾಗಬಾರದೆಂದು ತಿರುಗಿ ನಿಂತ.

"ವರ್ಲಕ್ಕ, ನೀವು ಮನಸ್ಸಿಗೆ ಹಚ್ಕೋಬೇಡಿ. ಹೇಳ್ಬೇಡಿ ಅಂದಿದ್ದು ನಾನೇ ಅಲ್ವಾ."

ವಾಪಸು ಬರುವಾಗ ದವಸದ ಗೋಪುರದ ಹತ್ತಿರ ಲೊವೆಲ್ ನನ್ನ ಕಡೆ ತಿರುಗಿದ.

"ನಿಂಗೂ ಗೊತ್ತಿತ್ತಾ?"

"ಗುರುವಾರದಿಂದ."

"ಶುಕ್ರವಾರ ಬೆಳಿಗ್ಗೆ ಕಾಫಿ ತಂದ್ಕೊಟ್ಟೆ."

"ಹೌದು."

"ಆಗಿನ್ನೂ ಒಂಬತ್ತು ಗಂಟೆ."

"ಹೌದು ಲೊವೆಲ್."

ಮಾತು ಕೊಟ್ಟಿದ್ದೆ, ಅದಕ್ಕೇ ಸುಮ್ಮನಿದ್ದೆ ಎಂದು ಹೇಳಬಹುದಿತ್ತು, ಸುಳ್ಳೂ ಅಲ್ಲ. ಆದರೆ ನಿಜ ಪೂರ್ತಿ ಹೇಳಿಬಿಡುತ್ತೇನೆ, ಈಗ ಮುಚ್ಚಿಟ್ಟು ಆಗಬೇಕಾದ್ದೇನು. ಹುಡುಗ ಕನ್ಸಾಸ್‌ಗೆ ಹೋಗುತ್ತಾನೆ ಎಂದಾಗ ನನಗೆ ಸಂತೋಷವಾಗಿತ್ತು, ಅವನಿಗಾಗಿ ಅಲ್ಲ. ಗುರುವಾರದ ಆ ಕುರ್ಚಿ ಖಾಲಿಯಾಗುತ್ತದೆ, ಎದುರು ಮನೆಯವಳು ಒಬ್ಬಳಿದ್ದಾಳೆ ಎಂದು ಆಗಲಾದರೂ ಲೊವೆಲ್‌ಗೆ ನೆನಪಾಗಬಹುದು ಎಂದುಕೊಂಡಿದ್ದೆ. ಶುಕ್ರವಾರ ಬಾಯಿ ತೆರೆದರೆ ಅವನು ಎಲ್ಲಿ ಹುಡುಗನನ್ನು ತಡೆದು ನಿಲ್ಲಿಸುತ್ತಾನೋ ಎಂಬ ಹೆದರಿಕೆಗೆ ಬಾಯಿ ತೆರೆಯಲಿಲ್ಲ. ಅವನು ಆಗಲೇ ತಡೆದಿದ್ದ. ನಾನು ಒಂದು ಮಾತು ಆಡಿದ್ದರೆ ಕಾಗದ ಹೋಗುತ್ತಿತ್ತು, ಹುಡುಗ ಗೆಲ್ಲುವ ತಂಡದಲ್ಲಿ ಒಂದು ದಿನ ನಿಲ್ಲುತ್ತಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಹೋದದ್ದಕ್ಕೆ ಯಾರೂ ಗಾದೆ ಕಟ್ಟಿಲ್ಲ.

ಮನೆ ಮುಂದೆ ಗಾಡಿ ನಿಂತಾಗ ಅವನು "ಬರ್ತೀನಿ" ಅನ್ನಲಿಲ್ಲ.

ಆಗಸ್ಟಿನಲ್ಲಿ ತಂಡವನ್ನೇ ಮುಚ್ಚಿದರು. ಯಾರ ಹತ್ತಿರ ಏನಿದೆಯೋ ತಂದು ಲೊವೆಲ್‌ಗೆ ಒಪ್ಪಿಸಿ ಎಂದು ಕಾಗದ ಬಂತು. ನನ್ನ ಹತ್ತಿರ ಇದ್ದದ್ದು ಕಟ್ಟೆಯ ಬೀಗದ ಕೈ, ಒಂದು ಏಪ್ರನ್. ಏಪ್ರನ್‌ನ ಎದೆಯ ಮೇಲೆ ಆರ್ಲಿಸ್ ನನ್ನ ಹೆಸರಿನ ಪಟ್ಟಿ ಹೊಲಿದಿದ್ದಳು, ಆಟಗಾರರ ಬೆನ್ನಿಗೆ ಹಾಕುತ್ತಿದ್ದ ಅದೇ ಬಟ್ಟೆ, ಅದೇ ಅಕ್ಷರ. ಅದನ್ನು ಒಗೆದು ಇಸ್ತ್ರಿ ಮಾಡಿಕೊಂಡು ಒಂದು ಮಧ್ಯಾಹ್ನ ಹೋದೆ.

ಕೋಣೆ ಖಾಲಿ ಮಾಡಿ ಗುಡಿಸಿದ್ದ. ಮೇಜು, ಸ್ಟೂಲು, ಕಾಫಿ ಡಬ್ಬ ಇಷ್ಟೇ ಉಳಿದಿದ್ದವು. ಏಪ್ರನ್ ಮೇಜಿನ ಮೇಲೆ ಇಟ್ಟು ಹೊರಡೋಣವೆಂದರೆ, "ಕೂತ್ಕೋ" ಎಂದ.

ಸ್ಟೂಲಿನ ಮೇಲೆ ಕೂತೆ. ಎರಡು ತಿಂಗಳ ಮೇಲೆ ಅವನು ನನಗೆ ಆಡಿದ ಮೊದಲ ಮಾತು ಅದು, ನನ್ನ ಎದೆ ಹುಡುಗಿಯರ ಎದೆಯ ಹಾಗೆ ಹೊಡೆದುಕೊಂಡಿತು. ಅವನು ಕನ್ನಡಕ ಹಾಕಿಕೊಂಡು ಏಪ್ರನ್ ಹತ್ತಿರ ಎಳೆದುಕೊಂಡ. ಒಂದೊಂದೇ ಹೊಲಿಗೆಗೆ ಕೊಕ್ಕೆ ಹಾಕಿ ಬಿಚ್ಚತೊಡಗಿದ. ಆರ್ಲಿಸ್‌ಳ ಹೊಲಿಗೆ ಒತ್ತಾಗಿತ್ತು, ಬಹಳ ಹೊತ್ತು ಹಿಡಿಯಿತು. ನಾನು ಬಾಯಿ ಬಿಟ್ಟು ಹೇಳಿಬಿಡೋಣ ಅಂದುಕೊಂಡೆ, ತಪ್ಪಾಯಿತು ಲೊವೆಲ್, ಗುರುವಾರ ನಾನು ಬಂದು ಅಡುಗೆ ಮಾಡುತ್ತೇನೆ ಅನ್ನೋಣ ಅಂದುಕೊಂಡೆ. ಅವನ ತಲೆ ಬಗ್ಗಿತ್ತು. ಆಮೇಲೆ ಹೇಳಿದರಾಯಿತು, ಗಾಡಿಯಲ್ಲಿ ಹೇಳಿದರಾಯಿತು ಎಂದು ಸುಮ್ಮನೆ ಕೂತೆ.

ಕೊನೆಯ ಎಳೆ ಬಿಚ್ಚಿ, ಪಟ್ಟಿಯ ಮೇಲಿನ ದಾರದ ಚೂರುಗಳನ್ನು ಉಗುರಿನಿಂದ ತೆಗೆದು, ನನ್ನ ಕೈಗೆ ಕೊಟ್ಟ. ಚೀಟಿಗೆ ಸಹಿ ಹಾಕಿದ. ಎದ್ದು ನಿಂತು ಕೈ ಮುಂದೆ ಮಾಡಿದ, ನಾನೂ ಎದ್ದು ಕುಲುಕಿದೆ.

"ಚೆನ್ನಾಗಿ ಕೆಲಸ ಮಾಡಿದೆ, ವರ್ಲಾ. ಹುಷಾರಾಗಿ ಹೋಗು."

ನಾನು ಹೋಗಬೇಕಾದದ್ದು ಅವನ ಎದುರು ಮನೆಗೆ. ಹೊರಗೆ ಬಂದು ಗಾಡಿಯಲ್ಲಿ ಕೂತು, ಅವನ ಕಡೆಯ ಬಾಗಿಲನ್ನು ಒಳಗಿನಿಂದ ತೆರೆದಿಟ್ಟು ಕಾದೆ. ಮುಕ್ಕಾಲು ಗಂಟೆ ಕಾದ ಮೇಲೆ ಕಾವಲುಗಾರ ಬಂದು ಮುಂಬಾಗಿಲಿಗೆ ಬೀಗ ಹಾಕಿದ. ಲೊವೆಲ್ ಆಗಲೇ ಹಿಂದಿನ ಬಾಗಿಲಿನಿಂದ ನಡೆದುಕೊಂಡು ಹೋದ ಎಂದು ಅವನೇ ಹೇಳಿದ.